ಒಂದು ಕಿಲೋ ಬೆಲ್ಲ, ಎಷ್ಟು ನ್ಯೂಟನ್?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಪಿಯುಸಿ ಮಕ್ಕಳನ್ನು ‘ಜಿ ಎಷ್ಟು?’ ಅಂತ ಕೇಳಿದರೆ ಒಂದೇ ಉಸಿರಿಗೆ ‘9.8’ ಅನ್ನುತ್ತೀರಿ. ನಾನೂ ಹಾಗೇ ಉರು ಹೊಡೆದವನು. ಆ 9.8 ಯಾವುದರ ಲೆಕ್ಕ ಅಂತ ಯೋಚಿಸಿದ್ದು ಪರೀಕ್ಷೆಗಳೆಲ್ಲ ಮುಗಿದು ಎಷ್ಟೋ ವರ್ಷಗಳ ಮೇಲೆ. ಇವತ್ತು ಅದಕ್ಕಾಗಿ ಒಂದು ಕಿಲೋ ಬೆಲ್ಲದ ಅಚ್ಚನ್ನು ಜೊತೆಗಿಟ್ಟುಕೊಳ್ಳೋಣ.

ಈ ಬೆಲ್ಲವನ್ನು ಭೂಮಿ 9.8 ನ್ಯೂಟನ್ ಬಲದಿಂದ ಎಳೆಯುತ್ತದೆ. ಬೆಲ್ಲ ತೆಗೆದು ಒಂದು ಕಿಲೋ ಕಬ್ಬಿಣ ಇಟ್ಟರೂ ಅಷ್ಟೇ. ಎರಡು ಕಿಲೋ ಇಟ್ಟರೆ ಎರಡರಷ್ಟು. ಹಾಗಾದರೆ ‘ಕಿಲೋಗೆ 9.8 ನ್ಯೂಟನ್’ ಅನ್ನುವುದು ಆ ಜಾಗದ ಗುಣ. ಅಲ್ಲಿ ಏನೂ ಇಡದಿದ್ದರೂ ಆ ಸಂಖ್ಯೆ ಆ ಜಾಗಕ್ಕೆ ಅಂಟಿಕೊಂಡೇ ಇರುತ್ತದೆ. ಗುರುತ್ವ ಕ್ಷೇತ್ರದ ತೀವ್ರತೆ ಅಂದರೆ ಇದೇ, ‘ಜಿ’ ಅಂದರೂ ಇದೇ.

ಜಾಗ ಬದಲಾದರೆ ಸಂಖ್ಯೆಯೂ ಬದಲು. ಭೂಮಿ ನಡುವಿನಲ್ಲಿ ತುಸು ಉಬ್ಬಿದೆ, ಸಾಲದ್ದಕ್ಕೆ ತಿರುಗುತ್ತಲೂ ಇದೆ. ಅದಕ್ಕೇ ಸಮಭಾಜಕ ವೃತ್ತದ ಮೇಲೆ ಅಳೆದರೆ 9.78, ಧ್ರುವದಲ್ಲಿ 9.83. ಸಮಭಾಜಕದಲ್ಲಿ ಸರಿಹೊಂದಿಸಿದ ಸ್ಪ್ರಿಂಗ್ ತಕ್ಕಡಿಯನ್ನು ಧ್ರುವಕ್ಕೆ ಒಯ್ದರೆ ನಮ್ಮ ಬೆಲ್ಲ ಸುಮಾರು 5 ಗ್ರಾಂ ಜಾಸ್ತಿ ತೂಗುತ್ತದೆ. ಅಂಗಡಿಯ ಹಳೇ ಎರಡು ತಟ್ಟೆಯ ತಕ್ಕಡಿಗೆ ಮಾತ್ರ ಇದು ಗೊತ್ತೇ ಆಗುವುದಿಲ್ಲ. ಆಚೆ ತಟ್ಟೆಯ ತೂಕದ ಕಲ್ಲನ್ನೂ ಭೂಮಿ ಅಷ್ಟೇ ಹೆಚ್ಚು ಎಳೆಯುತ್ತದಲ್ಲ!

ಈಗ ಮೇಲಕ್ಕೆ ಹೋಗೋಣ. 2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ತೇಲಾಡಿದ್ದನ್ನು ನೋಡಿದ್ದೀರಿ. ಅಲ್ಲಿ ಜಿ ಎಷ್ಟಿರಬಹುದು? ‘ಸೊನ್ನೆ’ ಅಂತ ಯಾರೋ ಅಂದಿರಿ. ಲೆಕ್ಕ ಮಾಡೋಣ. ತೀವ್ರತೆ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ನಿಜ. ಆದರೆ ಆ ದೂರವನ್ನು ಅಳೆಯಬೇಕಾದ್ದು ಭೂಮಿಯ ಕೇಂದ್ರದಿಂದ. ಎಲ್ಲರೂ ಎಡವುವುದು ಇಲ್ಲೇ. ನೆಲದ ಮೇಲಿರುವಾಗಲೇ ನಾವು ಕೇಂದ್ರದಿಂದ 6371 ಕಿ.ಮೀ. ದೂರದಲ್ಲಿದ್ದೇವೆ. ನಿಲ್ದಾಣ ಇನ್ನೊಂದು 400 ಕಿ.ಮೀ. ಮೇಲೆ, ಅಷ್ಟೇ. ಅಲ್ಲಿ ಜಿ ಸುಮಾರು 8.7! ಹಾಗಿದ್ದೂ ತೇಲುವುದೇಕೆ? ನಿಲ್ದಾಣವೂ ಶುಕ್ಲಾ ಅವರೂ ಒಟ್ಟಿಗೆ ಬೀಳುತ್ತಲೇ ಇರುತ್ತಾರೆ, ಅದಕ್ಕೆ. ಒಂದು ಸೆಕೆಂಡಿನಲ್ಲಿ ಸುಮಾರು 4.3 ಮೀಟರ್ ಬೀಳುತ್ತಾರೆ. ಅದೇ ಸೆಕೆಂಡಿನಲ್ಲಿ 7.7 ಕಿ.ಮೀ. ಮುಂದಕ್ಕೂ ಹೋಗಿರುತ್ತಾರೆ. ಅಷ್ಟು ದೂರಕ್ಕೆ ಭೂಮಿಯೂ ಹೆಚ್ಚುಕಡಿಮೆ ಅಷ್ಟೇ ಕೆಳಕ್ಕೆ ಬಾಗಿರುತ್ತದೆ. ಬಿದ್ದದ್ದೂ ನಿಜ, ನೆಲ ಸಿಗದಿದ್ದದ್ದೂ ನಿಜ.

ಚಂದ್ರ ಕೂಡ ಹೀಗೇ ಬೀಳುತ್ತಿದ್ದಾನೆ. ಅವನು ಭೂಮಿಯ ತ್ರಿಜ್ಯದ 60 ಪಟ್ಟು ದೂರ. 60ರ ವರ್ಗ 3600. ಅಂದಮೇಲೆ ಅಲ್ಲಿ ಭೂಮಿಯ ಎಳೆತ 3600ರಲ್ಲಿ ಒಂದು ಪಾಲು. ಇಲ್ಲಿ ಸೇಬು ಒಂದು ಸೆಕೆಂಡಿನಲ್ಲಿ 4.9 ಮೀಟರ್ ಬಿದ್ದರೆ ಚಂದ್ರ ಅಷ್ಟು ಬೀಳಲು ಒಂದು ನಿಮಿಷ ಬೇಕು. ನ್ಯೂಟನ್ ಈ ಎರಡನ್ನೂ ಹೋಲಿಸಿಯೇ ತನ್ನ ನಿಯಮವನ್ನು ಒರೆಗೆ ಹಚ್ಚಿದ್ದು. ನನಗಂತೂ ಇದರಷ್ಟು ಚಂದದ ಲೆಕ್ಕ ಇನ್ನೊಂದಿಲ್ಲ.

ಬೇರೆ ಗ್ರಹಗಳ ಮಾತು ಬೇಗ ಮುಗಿಸುತ್ತೇನೆ. ಮಂಗಳದಲ್ಲಿ 3.7, ಗುರುವಿನಲ್ಲಿ ಸುಮಾರು 25. ಚೇಷ್ಟೆ ಮಾಡುವವನು ಶನಿ. ಅವನ ದ್ರವ್ಯರಾಶಿ ಭೂಮಿಯ 95 ಪಟ್ಟು. ಆದರೂ ಮೋಡಗಳ ಮೇಲ್ಮಟ್ಟದಲ್ಲಿ, ಅವನ ತಿರುಗುವಿಕೆಯನ್ನು ಬದಿಗಿಟ್ಟರೆ, ಜಿ ಬರೀ 10.4. ಮೈ ಅಷ್ಟು ಊದಿಕೊಂಡಿದೆ: ತ್ರಿಜ್ಯ ನಮ್ಮ ಒಂಬತ್ತೂವರೆ ಪಟ್ಟು, ಅದರ ವರ್ಗ ಸುಮಾರು 90. ತೊಂಬತ್ತೈದನ್ನು ತೊಂಬತ್ತು ನುಂಗಿಹಾಕಿತು. ಸಾಡೇಸಾತಿಗೆ ಹೆದರುವವರಿಗೆ ಈ ಲೆಕ್ಕ ಕೊಂಚ ಸಮಾಧಾನ ಕೊಡಲಿ!

ಮತ್ತೆ ಭೂಮಿಗೆ ಬರೋಣ. 2002ರಲ್ಲಿ ಗ್ರೇಸ್ ಎಂಬ ಹೆಸರಿನ ಜೋಡಿ ಉಪಗ್ರಹಗಳು ಹಾರಿದವು. ಒಂದರ ಹಿಂದೆ ಒಂದು, ನಡುವೆ ಸುಮಾರು 220 ಕಿ.ಮೀ. ಕೆಳಗೆ ದ್ರವ್ಯರಾಶಿ ಹೆಚ್ಚಿರುವ ಕಡೆ ಬಂದಾಗ ಮುಂದಿನದನ್ನು ಅದು ಮೊದಲು ಎಳೆದುಕೊಳ್ಳುತ್ತದೆ, ನಡುವಿನ ಅಂತರ ಕೂದಲೆಳೆಗಿಂತ ಕಡಿಮೆ ಬದಲಾಗುತ್ತದೆ. ಅದನ್ನೂ ಅವು ಅಳೆದವು. ತಿಂಗಳು ತಿಂಗಳೂ ಜಿ ನಕ್ಷೆ ತಯಾರಾಯಿತು. ಪಂಜಾಬ್, ಹರಿಯಾಣ, ರಾಜಸ್ಥಾನದ ಮೇಲೆ ಆ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದದ್ದು ಕಂಡಿತು. ಬೋರ್‌ವೆಲ್‌ಗಳಿಂದ ಎತ್ತಿದ ನೀರಿನಷ್ಟು ದ್ರವ್ಯರಾಶಿ ಆ ನೆಲದಡಿಯಿಂದ ಕಡಿಮೆಯಾಗಿತ್ತು.

ಇನ್ನು ನಿಮ್ಮ ಪ್ರಶ್ನೆಗಳು. ಆಗ ‘ಸೊನ್ನೆ’ ಅಂದವರು ಮೊದಲು ಕೇಳಿ.