ಕಾರ್ಯಕ್ರಮ ಅಲ್ಲ, ಸ್ಟೇಷನ್ನೇ ಬೇಕು ಎಂದ ಫ್ರೀಡಾ ಗ್ಲಿನ್

[ಕಪ್ಪು ಪರದೆ, ಬಿಳಿ ಅಕ್ಷರ]

ನಮಸ್ಕಾರ. ಆಸ್ಟ್ರೇಲಿಯಾದ ಟಿವಿಯಲ್ಲಿ ಮೂಲನಿವಾಸಿಗಳ ಕಾರ್ಯಕ್ರಮ ಶುರುವಾಗುವ ಮೊದಲು ಸಾಮಾನ್ಯವಾಗಿ ಒಂದು ಎಚ್ಚರಿಕೆ ಬರುತ್ತದೆ: ಇದರಲ್ಲಿ ತೀರಿಕೊಂಡವರ ಚಿತ್ರ, ದನಿ ಇರಬಹುದು ಅಂತ. ಅಲ್ಲಿನ ಅನೇಕ ಸಮುದಾಯಗಳಲ್ಲಿ ಸಾವಾದ ಮೇಲೆ ಒಂದಷ್ಟು ಕಾಲ ಹೋದವರ ಹೆಸರು ಹೇಳುವುದಿಲ್ಲ, ಫೋಟೋ ನೋಡುವುದಿಲ್ಲ. ನಾವು ಫೋಟೋಗೆ ಹಾರ ಹಾಕಿ ಗೋಡೆಗೆ ತೂಗುಹಾಕುತ್ತೇವೆ. ಪೂರ್ತಿ ಉಲ್ಟಾ, ಅಲ್ವಾ?

ಇಂಥದ್ದೆಲ್ಲ ಗೊತ್ತಿರಬೇಕಾದರೆ ಸ್ಟೇಷನ್ ಒಳಗೆ ಆ ಜನರೇ ಕೂತಿರಬೇಕು. ಅದಕ್ಕಾಗಿ ಹಠ ಹಿಡಿದವರಲ್ಲಿ ಒಬ್ಬರು ಫ್ರೀಡಾ ಗ್ಲಿನ್.

[ನಕ್ಷೆ: ಆಸ್ಟ್ರೇಲಿಯಾದ ನಟ್ಟನಡುವೆ ಆಲಿಸ್ ಸ್ಪ್ರಿಂಗ್ಸ್]

ಹುಟ್ಟಿದ್ದು 1939ರಲ್ಲಿ, ಕೈಟೆಟ್ಯೆ ಎಂಬ ಮೂಲನಿವಾಸಿ ಸಮುದಾಯದಲ್ಲಿ. ಪುಟ್ಟ ವಯಸ್ಸಿನಲ್ಲಿ ಇದ್ದದ್ದು ಆಲಿಸ್ ಸ್ಪ್ರಿಂಗ್ಸ್‌ನ ‘ಬಂಗಲೋ’ದಲ್ಲಿ. ಹೆಸರು ಕೇಳಿ ದೊಡ್ಡ ಮನೆ ಅಂದುಕೊಳ್ಳಬೇಡಿ. ‘ಮಿಶ್ರ ರಕ್ತದವರು’ ಅಂತ ಸರ್ಕಾರ ಗುರುತು ಹಾಕಿದ ಮಕ್ಕಳನ್ನು ಇಡುತ್ತಿದ್ದ ಜಾಗ ಅದು.

1980ರಲ್ಲಿ ಜಾನ್ ಮಕುಂಬಾ, ಫಿಲಿಪ್ ಬ್ಯಾಟಿ ಜೊತೆ ಸೇರಿ ಫ್ರೀಡಾ ಒಂದು ಸಂಸ್ಥೆ ಕಟ್ಟಿದರು. ಸೆಂಟ್ರಲ್ ಆಸ್ಟ್ರೇಲಿಯನ್ ಅಬೊರಿಜಿನಲ್ ಮೀಡಿಯಾ ಅಸೋಸಿಯೇಷನ್. ಮೊದಲು ರೇಡಿಯೋ. ಆಮೇಲೆ ಸುದ್ದಿ, ಹಾಡು ತುಂಬಿದ ವಿಡಿಯೋ ಕ್ಯಾಸೆಟ್‌ಗಳು ಊರೂರಿಗೆ ಹೋದವು.

[ಉಪಗ್ರಹ, ಡಿಶ್ ಆಂಟೆನಾ]

1985ರಲ್ಲಿ ಆಸ್ಟ್ರೇಲಿಯಾದ ಸಂವಹನ ಉಪಗ್ರಹ ಆಸ್‌ಸ್ಯಾಟ್ ಮೇಲೇರಿತು. ಇನ್ನು ಮರುಭೂಮಿಯ ಮನೆಮನೆಗೂ ನಗರದ ಟಿವಿ ಬರುತ್ತದೆ. ಬೆಳಗಿನಿಂದ ರಾತ್ರಿವರೆಗೆ ಇಂಗ್ಲಿಷ್. ಹಾಗಾದರೆ ಮಕ್ಕಳ ಬಾಯಲ್ಲಿ ಮನೆಮಾತು ಉಳಿಯುತ್ತಾ?

ಫ್ರೀಡಾ ಮತ್ತು ಸಂಗಡಿಗರು ಅರ್ಜಿ ಹಾಕಿದರು. ವಾರಕ್ಕೆ ಅರ್ಧ ಗಂಟೆ ಕೊಡಿ ಅಂತಲ್ಲ. ಮಧ್ಯ ಆಸ್ಟ್ರೇಲಿಯಾದ ಟಿವಿ ಲೈಸೆನ್ಸೇ ಕೊಡಿ ಅಂತ! ಎದುರಿಗೆ ನಿಂತದ್ದು ಡಾರ್ವಿನ್‌ನ ವಾಣಿಜ್ಯ ಚಾನೆಲ್. ಗೆದ್ದದ್ದು ಇವರು.

ಚಾನೆಲ್‌ಗೆ ಇಂಪಾರ್ಜಾ ಅಂತ ಹೆಸರಿಟ್ಟರು. ಅದು ಆಲಿಸ್ ಸ್ಪ್ರಿಂಗ್ಸ್ ಸುತ್ತಲಿನ ಮೂಲನಿವಾಸಿಗಳ ಅರೆಂಟೆ ಭಾಷೆಯ ಪದದಿಂದ ಬಂದದ್ದು, ಅರ್ಥ ಹೆಜ್ಜೆಗುರುತು. ಪ್ರಸಾರ ಶುರುವಾದದ್ದು 1988ರ ಜನವರಿಯಲ್ಲಿ. ಬ್ರಿಟಿಷರು ಬಂದಿಳಿದು 200 ವರ್ಷವಾಯಿತು ಅಂತ ದೇಶ ಹಬ್ಬ ಮಾಡಿದ್ದೂ ಅದೇ ತಿಂಗಳು.

[ಸ್ಟುಡಿಯೋ ದೃಶ್ಯ]

ಈಗ ಕಹಿ ಭಾಗ. ಲೈಸೆನ್ಸ್ ಸಿಕ್ಕಿತು, ಆದರೆ ಅದು ವಾಣಿಜ್ಯ ಲೈಸೆನ್ಸ್. ಜಾಹೀರಾತು ಬೇಕು, ಜಾಹೀರಾತಿಗೆ ಜಾಸ್ತಿ ಜನ ನೋಡಬೇಕು. ಹಾಗಾಗಿ ಹೆಚ್ಚಿನ ಹೊತ್ತು ಹೊರಗಿನಿಂದ ಕೊಂಡ ಕಾರ್ಯಕ್ರಮಗಳೇ ಓಡಿದವು. ಹೆಂಡದ ಜಾಹೀರಾತು ಮಾತ್ರ ಬೇಡ ಅಂದರು, ದುಡ್ಡು ಬಿಟ್ಟರು. ಸ್ವಂತ ಭಾಷೆಗಳ ಕಾರ್ಯಕ್ರಮಕ್ಕೆ ಸಿಕ್ಕ ಜಾಗ ಚಿಕ್ಕದು. ಆ ಕಾರ್ಯಕ್ರಮದ ಹೆಸರು ‘ಙನಂಪ ಅನ್ವೆರ್ನೆಕೆನ್ಹೆ’. ಮೊದಲ ಪದ ಪಿಚಂಚಚಾರಾ ಎಂಬ ಇನ್ನೊಂದು ಮೂಲನಿವಾಸಿ ಭಾಷೆಯದು, ಎರಡನೆಯದು ಅರೆಂಟೆ. ಎರಡಕ್ಕೂ ಅರ್ಥ ಒಂದೇ: ‘ನಮ್ಮದು’.

ಇಷ್ಟಕ್ಕೆ ಅಷ್ಟು ಹೋರಾಟ ಬೇಕಿತ್ತಾ ಅಂತ ಕೇಳಬಹುದು. ನನ್ನ ಪ್ರಕಾರ ಚಾನೆಲ್‌ಗಿಂತ ದೊಡ್ಡದು ಫ್ರೀಡಾ ಕಟ್ಟಿದ ಆ ಸಂಸ್ಥೆ. ಕ್ಯಾಮೆರಾ ಹಿಡಿಯಲು, ಎಡಿಟ್ ಮಾಡಲು ಹುಡುಗ ಹುಡುಗಿಯರು ಕಲಿತದ್ದು ಅಲ್ಲೇ. ರೇಚಲ್ ಪರ್ಕಿನ್ಸ್ ಅಲ್ಲಿ ಕಲಿತು ಮುಂದೆ ಹೆಸರಾಂತ ನಿರ್ದೇಶಕಿಯಾದರು. ಫ್ರೀಡಾರ ಮಗ ವಾರ್ವಿಕ್ ಥಾರ್ನ್‌ಟನ್ ಹದಿಹರೆಯದಲ್ಲಿ ಅದೇ ರೇಡಿಯೋದಲ್ಲಿ ಹಾಡು ಹಾಕುತ್ತಿದ್ದ ಹುಡುಗ. 2009ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಮೊದಲ ಚಿತ್ರಕ್ಕೆ ಕೊಡುವ ‘ಕ್ಯಾಮೆರಾ ಡಿ’ಓರ್’ ಗೆದ್ದರು.

ಮಗಳು ಎರಿಕಾ ಗ್ಲಿನ್ ಕೂಡ ನಿರ್ದೇಶಕಿ. 2018ರಲ್ಲಿ ಅವರು ಕ್ಯಾಮೆರಾ ತಿರುಗಿಸಿದ್ದು ಅಮ್ಮನ ಕಡೆಗೆ. ಆ ಸಾಕ್ಷ್ಯಚಿತ್ರದ ನಿರ್ಮಾಪಕಿ ಫ್ರೀಡಾರ ಮೊಮ್ಮಗಳು.