ಪಿಕ್ಸೀಸ್‌ನ ಬೆಸ್ಟ್ ಆಲ್ಬಮ್ ಯಾವುದು? ಶಿರಸಿ–ಕಾರವಾರದ ಜಗಳ

[ಪರದೆ: ಐದು ರೆಕಾರ್ಡ್‌ಗಳ ಹೆಸರು ಒಂದರ ಕೆಳಗೊಂದು. ಕಮ್ ಆನ್ ಪಿಲ್‌ಗ್ರಿಮ್, ಸರ್ಫರ್ ರೋಸಾ, ಡೂಲಿಟಲ್, ಬೊಸಾನೋವಾ, ಟ್ರಾಂಪ್ ಲೆ ಮೊಂಡ್.]

ನಮಸ್ಕಾರ. ನಮ್ಮ ಉತ್ತರ ಕನ್ನಡದವರಿಗೆ ಇಂಥ ಜಗಳ ಹೊಸದಲ್ಲ. ನೆಬ್ಬೂರು ಭಾಗವತರ ಪದ ಚಂದವೋ, ಕಾಳಿಂಗ ನಾವಡರದ್ದು ಚಂದವೋ ಅಂತ ಕವಳ ಹಾಕಿಕೊಂಡು ಕೂತರೆ ಕೊನೆ ಪಂಕ್ತಿಯ ಊಟ ಆದರೂ ಯಾರೂ ಜಗುಲಿಯಿಂದ ಏಳುವುದಿಲ್ಲ. ಇವತ್ತಿನ ಜಗಳವೂ ಅದೇ ಜಾತಿಯದ್ದು. ಬ್ಯಾಂಡ್ ಮಾತ್ರ ಅಮೆರಿಕದ ಬಾಸ್ಟನ್‌ನದ್ದು. ಹೆಸರು ಪಿಕ್ಸೀಸ್.

ನಮ್ಮ ಗುಂಪಿನಲ್ಲಿ ಕಾರವಾರದವರಿದ್ದಾರೆ, ಕುಮಟಾದವರಿದ್ದಾರೆ, ಘಟ್ಟದ ಮೇಲೆ ಶಿರಸಿಯವರೂ ಇದ್ದಾರೆ. ಎಲ್ಲರೂ ಈ ಬ್ಯಾಂಡನ್ನ ಪ್ರೀತಿಸುವವರೇ. ಆದರೆ ಅತ್ಯುತ್ತಮ ಆಲ್ಬಮ್ ಯಾವುದು ಅಂತ ಕೇಳಿದರೆ ಸಾಕು, ಎರಡು ಬಣ. ಒಂದು ಸರ್ಫರ್ ರೋಸಾ, ಇನ್ನೊಂದು ಡೂಲಿಟಲ್. ಈ ಜಗಳ ನಮ್ಮಲ್ಲಿ ಮಾತ್ರ ಅಲ್ಲ, ಪಿಕ್ಸೀಸ್ ಕೇಳುವವರು ಇರುವ ಕಡೆಯೆಲ್ಲ ಇದೆ. ಯಾಕಿದೆ ಅನ್ನುವುದನ್ನ ಈ ವಿಡಿಯೋದಲ್ಲಿ ಬಿಡಿಸಿ ಹೇಳುತ್ತೇನೆ. ನನ್ನ ಬಣ ಯಾವುದು ಅಂತಲೂ ಹೇಳುತ್ತೇನೆ.

[ಪರದೆ: ನಾಲ್ಕು ಹೆಸರು, ನಾಲ್ಕು ವಾದ್ಯ.]

ಮೊದಲು ಬ್ಯಾಂಡ್ ಯಾರು ಅಂತ ಬೇಗ ನೋಡೋಣ. ಚಾರ್ಲ್ಸ್ ಥಾಂಪ್ಸನ್, ವೇದಿಕೆ ಮೇಲಿನ ಹೆಸರು ಬ್ಲ್ಯಾಕ್ ಫ್ರಾನ್ಸಿಸ್. ಹಾಡು, ಗಿಟಾರ್ ಅವನದ್ದು. ಜೋಯಿ ಸ್ಯಾಂಟಿಯಾಗೊ ಲೀಡ್ ಗಿಟಾರ್. ಇಬ್ಬರೂ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಗೆಳೆಯರಾದವರು. 1986ರಲ್ಲಿ ಬ್ಯಾಂಡ್ ಶುರು ಮಾಡಿ, ಬಾಸ್ ಗಿಟಾರ್ ನುಡಿಸುವವರು ಬೇಕು ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಬರುವವರಿಗೆ ಎರಡು ಗುಂಪು ಇಷ್ಟ ಇರಬೇಕು ಅಂತ ಅದರಲ್ಲಿತ್ತು. ಒಂದು ಗಲಾಟೆಯ ಪಂಕ್ ಬ್ಯಾಂಡ್ ಹುಸ್ಕರ್ ಡು, ಇನ್ನೊಂದು ಮೆತ್ತಗೆ ಜಾನಪದ ಹಾಡುವ ಪೀಟರ್, ಪಾಲ್ ಆ್ಯಂಡ್ ಮೇರಿ. ಅದನ್ನ ನೋಡಿ ಬಂದವಳು ಕಿಮ್ ಡೀಲ್. ಡ್ರಮ್ಸ್‌ಗೆ ಡೇವಿಡ್ ಲವರಿಂಗ್ ಸೇರಿದ.

ಆ ಜಾಹೀರಾತಿನಲ್ಲೇ ಇಡೀ ಪಿಕ್ಸೀಸ್ ಇದೆ ಅನ್ನಿಸುತ್ತದೆ ನನಗೆ. ಪದ್ಯ ಬರುವಾಗ ಎಲ್ಲ ತಣ್ಣಗೆ, ಪಲ್ಲವಿ ಬಂತು ಅಂದರೆ ಒಮ್ಮೆಗೇ ಸ್ಫೋಟ. ಮತ್ತೆ ತಣ್ಣಗೆ. ಯಕ್ಷಗಾನ ನೋಡಿದವರಿಗೆ ಇದು ಗೊತ್ತಿರುವ ಲೆಕ್ಕಾಚಾರ. ಶೃಂಗಾರ, ಕರುಣೆ ಬಂದಾಗ ಚಂಡೆ ಸುಮ್ಮನಿರುತ್ತದೆ. ಭಾಗವತರ ದನಿ, ಮದ್ದಳೆ, ಅಷ್ಟೇ. ಯುದ್ಧ ಬಂತು ಅಂದರೆ ಚಂಡೆ ಬೀಳುತ್ತದೆ. ನಿದ್ದೆ ಹೋದ ಮಕ್ಕಳೂ ಎದ್ದು ಕೂರುತ್ತವೆ.

ಈ ತಂತ್ರ ಎಷ್ಟು ದೂರ ಹೋಯಿತು ಗೊತ್ತಾ? 1991ರಲ್ಲಿ ನಿರ್ವಾಣ ಬ್ಯಾಂಡ್ ಯಾವ ಹಾಡಿನಿಂದ ಜಗತ್ತಿಗೆಲ್ಲ ಗೊತ್ತಾಯಿತೋ, ಅದನ್ನ ಬರೆಯುವಾಗ ತಾನು ಪಿಕ್ಸೀಸ್‌ನ್ನೇ ಕದಿಯಲು ನೋಡುತ್ತಿದ್ದೆ ಅಂತ ಆ ಬ್ಯಾಂಡಿನ ಹಾಡುಗಾರ ಕರ್ಟ್ ಕೊಬೇನ್ 1994ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯ ಸಂದರ್ಶನದಲ್ಲಿ ಒಪ್ಪಿಕೊಂಡ. ಆದರೆ ಪಿಕ್ಸೀಸ್‌ಗೆ ತಮ್ಮದೇ ದೇಶದಲ್ಲಿ ಆ ಮಟ್ಟದ ಹೆಸರು ಬರಲಿಲ್ಲ. ಡೂಲಿಟಲ್ ಬ್ರಿಟನ್‌ನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ 8ನೇ ಸ್ಥಾನ ಮುಟ್ಟಿದರೆ ಅಮೆರಿಕದಲ್ಲಿ 98ಕ್ಕೆ ನಿಂತಿತು. ಕೇಳುವವರು ಕಡಿಮೆ, ಕೇಳಿದವರು ಮಾತ್ರ ಬಿಡುವುದಿಲ್ಲ. ಜಗಳ ಇಷ್ಟು ಜೋರಾಗಿರುವುದಕ್ಕೆ ಅದೂ ಒಂದು ಕಾರಣ ಇರಬೇಕು.

[ಪರದೆ: 1987 ಡಿಸೆಂಬರ್. ಕ್ಯೂ ಡಿವಿಷನ್ ಸ್ಟುಡಿಯೋ, ಬಾಸ್ಟನ್.]

ಈಗ ಸರ್ಫರ್ ರೋಸಾ. ಇದು 1988ರ ಮಾರ್ಚ್‌ನಲ್ಲಿ ಬಂದದ್ದು. ಅದಕ್ಕೂ ಮೊದಲು 1987ರಲ್ಲಿ ಕಮ್ ಆನ್ ಪಿಲ್‌ಗ್ರಿಮ್ ಅಂತ ಎಂಟು ಹಾಡಿನ ಸಣ್ಣ ರೆಕಾರ್ಡ್ ಬಂದಿತ್ತು. ಎರಡನ್ನೂ ಒಂದೇ ಸಿಡಿಯಲ್ಲಿ ಸೇರಿಸಿ ಮಾರಿದ್ದರಿಂದ ಎಷ್ಟೋ ಜನರಿಗೆ ಅವೆರಡೂ ಒಂದೇ ಆಲ್ಬಮ್. ನಮ್ಮ ಕುಮಟಾದ ಗೆಳೆಯನೊಬ್ಬ ಸರ್ಫರ್ ರೋಸಾದ ಪರವಾಗಿ ಯಾವಾಗಲೂ 'ಕ್ಯಾರಿಬೂ' ಹಾಡನ್ನ ಎತ್ತುತ್ತಾನೆ. ಆ ಹಾಡು ಇರುವುದು ಪಿಲ್‌ಗ್ರಿಮ್‌ನಲ್ಲಿ. ವಾದಕ್ಕೆ ಕೂರುವ ಮೊದಲು ಇದನ್ನ ಬೇರೆ ಮಾಡಿಕೊಳ್ಳಿ, ಇಲ್ಲದಿದ್ದರೆ ಅರ್ಧ ಗಂಟೆ ಸುಮ್ನೆ ಹೋಗುತ್ತದೆ.

ಸರ್ಫರ್ ರೋಸಾವನ್ನ ಧ್ವನಿಮುದ್ರಿಸಿದವನು ಸ್ಟೀವ್ ಆಲ್ಬಿನಿ. ಹತ್ತು ದಿನದಲ್ಲಿ ಕೆಲಸ ಮುಗಿಸಿದ. 1,500 ಡಾಲರ್ ಒಂದೇ ಸಲ ತೆಗೆದುಕೊಂಡ. ಮುಂದೆ ಮಾರಾಟದಲ್ಲಿ ತನಗೆ ಪಾಲು ಬೇಡ ಅಂದ. ಹಾಡು ಬ್ಯಾಂಡಿನದ್ದು, ನಾನು ಕೆಲಸ ಮಾಡಿಕೊಟ್ಟವನು, ನನಗೆ ಯಾಕೆ ರಾಯಲ್ಟಿ ಅನ್ನುವುದು ಅವನ ನಿಲುವು. 2024ರ ಮೇನಲ್ಲಿ ತೀರಿಕೊಳ್ಳುವವರೆಗೂ ಅದನ್ನ ಬಿಡಲಿಲ್ಲ. ಇದಕ್ಕಾಗಿಯೇ ನನಗೆ ಆ ಮನುಷ್ಯನ ಮೇಲೆ ಬಹಳ ಗೌರವ.

ಅವನು ಮಾಡಿದ್ದೇನು? ವಾದ್ಯದ ಸದ್ದಿನ ಜೊತೆ, ವಾದ್ಯ ಇಟ್ಟ ಕೋಣೆಯ ಸದ್ದನ್ನೂ ಹಿಡಿದ. ಇದು ಬಾಯಿಮಾತಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಅದಕ್ಕೆ ನಾವು ಶಿರಸಿಗೆ ಹೋಗಿ ರೆಕಾರ್ಡ್ ಮಾಡಿಕೊಂಡು ಬಂದಿದ್ದೇವೆ.

[ದೃಶ್ಯ: ಅಡಿಕೆ ತೋಟದ ನಡುವಿನ ಹಳೇ ಮನೆ. ಜಗುಲಿಯಲ್ಲಿ ಮದ್ದಳೆ. ಅದಕ್ಕೆ ತಾಗುವಷ್ಟು ಹತ್ತಿರ ಒಂದು ಮೈಕ್.]

ಗೆಳೆಯನ ಮನೆ ಇದು. ಬಾರಿಸುತ್ತಿರುವವರು ಅವನ ದೊಡ್ಡಪ್ಪ. ಇಯರ್‌ಫೋನ್ ಇದ್ದರೆ ಹಾಕಿಕೊಳ್ಳಿ.

[ಸದ್ದು: ಮದ್ದಳೆ, ಮೈಕ್ ಹತ್ತಿರದಿಂದ.]

ಬೆರಳು ಚರ್ಮಕ್ಕೆ ತಾಗುವ ಚಟ್ ಅನ್ನುವ ಸದ್ದು ಕಿವಿಯ ಪಕ್ಕದಲ್ಲೇ ಇದ್ದ ಹಾಗಿದೆ. ಚೊಕ್ಕವಾಗಿದೆ. ಆದರೆ ಇದು ಜಗುಲಿಯೋ, ಸ್ಟುಡಿಯೋವೋ, ಬಸ್ ಸ್ಟ್ಯಾಂಡೋ? ಹೇಳಲು ಆಗುವುದಿಲ್ಲ. ಈಗ ಮೈಕನ್ನ ಹೆಬ್ಬಾಗಿಲ ಹತ್ತಿರಕ್ಕೆ ಒಯ್ದೆವು.

[ಸದ್ದು: ಅದೇ ಬಡಿತ, ದೂರದಿಂದ.]

ಮರದ ಕಂಬ, ಮುಚ್ಚಿಗೆ, ಸಗಣಿ ಸಾರಿಸಿದ ನೆಲ, ಎಲ್ಲ ಸೇರಿ ಸದ್ದಿಗೊಂದು ಮೈ ಬಂತು. ದೊಡ್ಡಪ್ಪ ಗಂಟಲು ಸರಿ ಮಾಡಿಕೊಂಡದ್ದೂ ಕೇಳಿತು. ಆಲ್ಬಿನಿ ಡ್ರಮ್ಸ್ ರೆಕಾರ್ಡ್ ಮಾಡುವಾಗ ಹತ್ತಿರದ ಮೈಕ್ ಜೊತೆಗೆ ಹೀಗೆ ದೂರದ ಮೈಕುಗಳನ್ನೂ ಇಡುತ್ತಿದ್ದ. ಸರ್ಫರ್ ರೋಸಾದ ಮೊದಲ ಹಾಡು 'ಬೋನ್ ಮಶೀನ್' ಶುರುವಾಗುವುದು ಡ್ರಮ್ಸ್‌ನಿಂದ. ಮೊದಲ ನಾಲ್ಕು ಪೆಟ್ಟಿನಲ್ಲೇ ನೀವು ಲವರಿಂಗ್ ಎದುರು ನಿಂತಿರುತ್ತೀರಿ.

ಇನ್ನೊಂದು ಇದೆ. ಆ ಆಲ್ಬಮ್‌ನಲ್ಲಿ ಕಿಮ್ ಡೀಲ್ ಹಾಡಿದ ಕೆಲವು ಭಾಗಗಳನ್ನ ಸ್ಟುಡಿಯೋದ ಬಾತ್‌ರೂಮಿನಲ್ಲಿ ರೆಕಾರ್ಡ್ ಮಾಡಿದರು. ಯಂತ್ರದಿಂದ ಪ್ರತಿಧ್ವನಿ ಸೇರಿಸುವುದು ಆಲ್ಬಿನಿಗೆ ಬೇಡವಾಗಿತ್ತು. ನಿಜವಾದ ಗೋಡೆಗೆ ಹೊಡೆದು ಬರುವ ಸದ್ದೇ ಬೇಕಿತ್ತು.

[ದೃಶ್ಯ: ಬಚ್ಚಲುಮನೆ. ನೀರೊಲೆ, ತಾಮ್ರದ ಹಂಡೆ, ಸಿಮೆಂಟ್ ಗೋಡೆ. ಗೆಳೆಯನ ತಂಗಿ ಗೋಡೆ ಕಡೆ ಮುಖ ಮಾಡಿ ನಿಂತಿದ್ದಾಳೆ.]

[ಸದ್ದು: 'ಊ' ಅಂತ ಒಂದು ಉದ್ದ ಸ್ವರ.]

ಒಬ್ಬಳೇ ಹಾಡಿದ್ದು. ನಾವು ಏನನ್ನೂ ಸೇರಿಸಿಲ್ಲ. ಸ್ವರ ನಿಂತ ಮೇಲೂ ಕೋಣೆ ಅದನ್ನ ಒಂದು ಕ್ಷಣ ಹಿಡಿದುಕೊಳ್ಳುತ್ತದೆ. ಖಾಲಿ ಹಂಡೆ ಸಣ್ಣಗೆ ಗುಂಯ್ ಅನ್ನುತ್ತದೆ. ಈಗ 'ವೇರ್ ಈಸ್ ಮೈ ಮೈಂಡ್' ಹಾಡಿನ ಹಿಂದೆ ಕಿಮ್ ಎಳೆಯುವ ಆ 'ಊ'ವನ್ನ ನೆನಪು ಮಾಡಿಕೊಳ್ಳಿ. ಆ ತಣ್ಣನೆಯ ದೂರ ಎಲ್ಲಿಂದ ಬಂತು ಅಂತ ಗೊತ್ತಾಯಿತಲ್ವಾ?

ಹಾಡುಗಳ ನಡುವೆ ಬ್ಯಾಂಡಿನವರು ಆಡಿದ ಮಾತನ್ನೂ ಆಲ್ಬಿನಿ ಆಲ್ಬಮ್‌ನಲ್ಲಿ ಹಾಗೇ ಉಳಿಸಿದ. 'ಜೈಗ್ಯಾಂಟಿಕ್' ಅನ್ನುವ ಹಾಡಂತೂ ಪೂರ್ತಿ ಕಿಮ್‌ಳದ್ದು. ಬರೆದದ್ದರಲ್ಲಿ ಅವಳ ಪಾಲಿದೆ, ಹಾಡಿದವಳೂ ಅವಳೇ. ಇದು ಮುಂದೆ ಮುಖ್ಯವಾಗುತ್ತದೆ.

[ಪರದೆ: 1989 ಏಪ್ರಿಲ್. ಡೂಲಿಟಲ್. 15 ಹಾಡು, 39 ನಿಮಿಷದೊಳಗೆ.]

ಶಿರಸಿ ಬಣಕ್ಕೆ ಡೂಲಿಟಲ್ಲೇ ಎಲ್ಲ. ಅವರ ವಾದವನ್ನ ನಾನು ಹಗುರ ಮಾಡುವುದಿಲ್ಲ, ಯಾಕೆಂದರೆ ಅದು ಗಟ್ಟಿ ವಾದ.

ಈ ಸಲ ನಿರ್ಮಾಪಕ ಗಿಲ್ ನಾರ್ಟನ್, ಇಂಗ್ಲೆಂಡಿನವನು. ಖರ್ಚು ಸುಮಾರು 40,000 ಡಾಲರ್. ಹಾಡಿಗೆ ಇನ್ನೊಂದು ಪದ್ಯ ಸೇರಿಸು, ಸ್ವಲ್ಪ ಉದ್ದ ಮಾಡು ಅಂತ ನಾರ್ಟನ್ ಹೇಳುತ್ತಲೇ ಇದ್ದ. ಕೊನೆಗೆ ಫ್ರಾನ್ಸಿಸ್ ಅವನನ್ನ ರೆಕಾರ್ಡ್ ಅಂಗಡಿಗೆ ಕರೆದುಕೊಂಡು ಹೋಗಿ 1950ರ ದಶಕದ ರಾಕ್ ಹಾಡುಗಾರ ಬಡ್ಡಿ ಹಾಲಿಯ ಜನಪ್ರಿಯ ಹಾಡುಗಳ ಸಂಗ್ರಹ ಕೈಗಿಟ್ಟ. ಅದರಲ್ಲಿ ಹೆಚ್ಚಿನ ಹಾಡು ಎರಡು ನಿಮಿಷದ ಆಸುಪಾಸು. ನಾರ್ಟನ್‌ಗೆ ಅರ್ಥವಾಯಿತು. ಈ ಎಳೆದಾಟದಿಂದ ಆಲ್ಬಮ್‌ಗೆ ಒಳ್ಳೆಯದೇ ಆಯಿತು. ಹಾಡು ಚಿಕ್ಕದಾಗಿಯೇ ಉಳಿಯಿತು, ಒಳಗಿನ ಕೆಲಸ ಮಾತ್ರ ನಯವಾಯಿತು. 'ಮಂಕಿ ಗಾನ್ ಟು ಹೆವನ್' ಹಾಡಿಗೆ ಪಿಟೀಲು, ಚೆಲ್ಲೊ ನುಡಿಸುವವರನ್ನ ಹೊರಗಿನಿಂದ ಕರೆಸಿದರು.

'ಟೇಮ್' ಅಂತ ಒಂದು ಹಾಡಿದೆ. ಎರಡು ನಿಮಿಷವೂ ಇಲ್ಲ. ಬಾಸ್‌ನಲ್ಲಿ ಮೂರೇ ಸ್ವರ ಸುತ್ತುತ್ತಿರುತ್ತವೆ. ಫ್ರಾನ್ಸಿಸ್ ಪಿಸುಗುಡುತ್ತಾನೆ. ಒಮ್ಮೆಗೇ ಕಿರುಚುತ್ತಾನೆ, ಗಿಟಾರ್ ಮೇಲೆರಗುತ್ತದೆ. ಮತ್ತೆ ಪಿಸುಮಾತು. ಇದನ್ನ ಆ ದೊಡ್ಡಪ್ಪನಿಗೆ ಕೇಳಿಸಿದೆವು. ಇಂಗ್ಲಿಷ್ ಹಾಡು ಅವರಿಗೆ ರೂಢಿಯಿಲ್ಲ. ಕಣ್ಣು ಮುಚ್ಚಿ, ತೊಡೆ ಮೇಲೆ ತಾಳ ಹಾಕುತ್ತಾ ಕೇಳಿದರು. ಎರಡನೇ ಸಲ ಕಿರುಚು ಬರುವ ಹೊತ್ತಿಗೆ, ಬರುವ ಮೊದಲೇ, "ಈಗ ಚಂಡೆ ಬೀಳ್ತು ನೋಡಿ" ಅಂದರು. ಸರಿಯಾಗಿ ಅಲ್ಲೇ ಬಿತ್ತು. ಗೆಳೆಯ ನನ್ನ ಕಡೆ ತಿರುಗಿ, "ಕೇಳಿದ್ಯಾ ಮಾರಾಯ? ಇನ್ನೆಂತ ಸಾಕ್ಷಿ ಬೇಕು?" ಅಂದ.

ಹೌದು, ಆ ವಿಷಯದಲ್ಲಿ ಡೂಲಿಟಲ್ ಒಂದು ಕೈ ಮೇಲೆ. ಮೌನ ಮತ್ತು ಸದ್ದನ್ನ ಅಷ್ಟು ಲೆಕ್ಕ ಇಟ್ಟು ಜೋಡಿಸಿದ ರೆಕಾರ್ಡ್ ಅವರದ್ದೇ ಇನ್ನೊಂದಿಲ್ಲ. ಬಿಡಿಬಿಡಿ ಹಾಡು ತೂಗಿದರೂ ಡೂಲಿಟಲ್ ಗೆಲ್ಲುತ್ತದೆ. 'ಡಿಬೇಸರ್', 'ಹಿಯರ್ ಕಮ್ಸ್ ಯುವರ್ ಮ್ಯಾನ್', 'ಹೇ', 'ಗೌಜ್ ಅವೇ'. ಯಾವುದನ್ನ ಕಿತ್ತು ಎಲ್ಲಿಟ್ಟರೂ ನಿಲ್ಲುತ್ತದೆ.

ಆದರೂ ನನ್ನ ಮತ ಸರ್ಫರ್ ರೋಸಾಕ್ಕೆ.

ನಾನು ಆಲ್ಬಮ್ ಹಾಕಿಕೊಳ್ಳುವುದು ಆ ನಾಲ್ಕು ಜನರ ಜೊತೆ ಸ್ವಲ್ಪ ಹೊತ್ತು ಇರುವುದಕ್ಕೆ. ಡೂಲಿಟಲ್ ಕೇಳುವಾಗ ನನಗೆ ಹಾಡು ಸಿಗುತ್ತದೆ. ಸರ್ಫರ್ ರೋಸಾ ಕೇಳುವಾಗ ಜನ ಸಿಗುತ್ತಾರೆ. ಲವರಿಂಗ್ ಎಷ್ಟು ಜೋರಾಗಿ ಹೊಡೆಯುತ್ತಿದ್ದಾನೆ, ಸ್ಯಾಂಟಿಯಾಗೊ 'ವಾಮೋಸ್'ನಲ್ಲಿ ಗಿಟಾರನ್ನ ಹೇಗೆ ಗೋಳಾಡಿಸುತ್ತಿದ್ದಾನೆ, ಕಿಮ್ ಎಲ್ಲಿ ನಿಂತಿದ್ದಾಳೆ, ಎಲ್ಲ ಗೊತ್ತಾಗುತ್ತದೆ. ನಾರ್ಟನ್ ಆ ಕೋಣೆಯನ್ನ ಗುಡಿಸಿ ಒರೆಸಿದ. ಚಂದವೇ ಆಯಿತು, ಆದರೆ ಅವರ ಮಾತುಕತೆ, ಉಸಿರು, ಗೋಡೆ ಎಲ್ಲ ಹೊರಗೆ ಹೋಯಿತು.

ಕಿಮ್ ಕೂಡ ಸ್ವಲ್ಪ ಹೊರಗೆ ಹೋದಳು. ಡೂಲಿಟಲ್‌ನಲ್ಲಿ ಬರೆದವರ ಜಾಗದಲ್ಲಿ ಅವಳ ಹೆಸರಿರುವುದು 'ಸಿಲ್ವರ್' ಅನ್ನುವ ಒಂದೇ ಹಾಡಿಗೆ, ಅದೂ ಫ್ರಾನ್ಸಿಸ್ ಜೊತೆ ಸೇರಿ. ಮುಂದಿನ ಎರಡು ಆಲ್ಬಮ್‌ಗಳಲ್ಲಿ ಅವಳು ಬರೆದ ಹಾಡೇ ಇಲ್ಲ. ಅವಳು ಬ್ರೀಡರ್ಸ್ ಅಂತ ಬೇರೆ ಬ್ಯಾಂಡ್ ಕಟ್ಟಿದಳು. ಅದರ ಮೊದಲ ಆಲ್ಬಮ್ 'ಪಾಡ್' 1990ರಲ್ಲಿ ಬಂತು, ರೆಕಾರ್ಡ್ ಮಾಡಿದವನು ಮತ್ತೆ ಆಲ್ಬಿನಿ. ಪಿಕ್ಸೀಸ್‌ನಲ್ಲಿ ಇಬ್ಬರು ಹಾಡುಗಾರರ ನಡುವಿನ ಎಳೆತ ಸಮವಾಗಿ ಇದ್ದದ್ದು ಸರ್ಫರ್ ರೋಸಾದಲ್ಲಿ ಮಾತ್ರ ಅಂತ ನನ್ನ ಲೆಕ್ಕ. ಆಮೇಲೆ ತಕ್ಕಡಿ ಒಂದೇ ಕಡೆ ವಾಲಿತು.

"ಹಂಗಾದ್ರೆ ಸರ್ಫರ್ ರೋಸಾದಲ್ಲಿ ಎಲ್ಲರಿಗೂ ಗೊತ್ತಿರೋದು ಒಂದೇ ಹಾಡು ಯಾಕೆ?" ಅಂತ ಶಿರಸಿಯವರು ಕೇಳುತ್ತಾರೆ. 1999ರ 'ಫೈಟ್ ಕ್ಲಬ್' ಸಿನಿಮಾದ ಕೊನೆಯಲ್ಲಿ 'ವೇರ್ ಈಸ್ ಮೈ ಮೈಂಡ್' ಬರುತ್ತದೆ. ನಮ್ಮಲ್ಲೂ ಹೆಚ್ಚಿನವರು ಬ್ಯಾಂಡಿಗೆ ಬಂದದ್ದು ಅದೇ ದಾರಿಯಲ್ಲಿ. ಆ ಒಂದು ಹಾಡು ಕೇಳಿ ಸಾಕು ಅಂದುಕೊಂಡವರು ಜಾಸ್ತಿ. ಅದರ ಮುಂದಿನ ಹಾಡು 'ಕ್ಯಾಕ್ಟಸ್'. ಅದನ್ನ 2002ರಲ್ಲಿ ಡೇವಿಡ್ ಬೋವಿ ತನ್ನ ಆಲ್ಬಮ್‌ಗೆ ಹಾಡಿದ. ಕೇಳುತ್ತಾ ಹೋದರೆ ಸಿಗುತ್ತದೆ.

[ದೃಶ್ಯ: ಕಾರವಾರದ ಟ್ಯಾಗೋರ್ ಬೀಚ್, ಸಂಜೆ.]

ಬೊಸಾನೋವಾ, 1990. ಕಾರವಾರದಲ್ಲಿ ಒಬ್ಬ ಇದ್ದಾನೆ, ಬೀಚ್‌ನಲ್ಲಿ ನಡೆಯುವಾಗ ಇದೊಂದೇ ಕೇಳುವುದು. ಮೊದಲ ಹಾಡೇ ಹಳೇ ಸರ್ಫ್ ಸಂಗೀತದ ತುಣುಕು, ಮಾತಿಲ್ಲ, ಗಿಟಾರ್ ಅಷ್ಟೇ. 'ವೆಲೂರಿಯಾ'ದಲ್ಲಿ ಥೆರೆಮಿನ್ ಅನ್ನುವ ವಾದ್ಯವಿದೆ. ಕೈ ತಾಗಿಸದೆ ಗಾಳಿಯಲ್ಲೇ ನುಡಿಸುವುದು ಅದನ್ನ. ಬ್ರಿಟನ್‌ನಲ್ಲಿ ಇದು 3ನೇ ಸ್ಥಾನಕ್ಕೆ ಹೋಯಿತು, ಡೂಲಿಟಲ್‌ಗಿಂತ ಮೇಲೆ. ಒಳ್ಳೇ ಆಲ್ಬಮ್. ಆದರೆ ಪೂರ್ತಿ ಕೇಳಿದ ಮೇಲೆ ಮನಸ್ಸಿನಲ್ಲಿ ಉಳಿಯುವುದು ನಾಲ್ಕೈದು ಹಾಡು.

ಟ್ರಾಂಪ್ ಲೆ ಮೊಂಡ್, 1991. ವೇಗ ಜಾಸ್ತಿ, ಸದ್ದು ಜಾಸ್ತಿ, ಅನ್ಯಗ್ರಹದ ಕಥೆಗಳು. ಇದನ್ನ ಮೊದಲ ಸ್ಥಾನಕ್ಕೆ ಇಡುವವರು ಕಡಿಮೆ, ಇಟ್ಟವರು ಜಗ್ಗುವುದಿಲ್ಲ. 1993ರ ಜನವರಿಯಲ್ಲಿ ಫ್ರಾನ್ಸಿಸ್ ಬಿಬಿಸಿ ರೇಡಿಯೋದಲ್ಲಿ ಬ್ಯಾಂಡ್ ಮುಗಿಯಿತು ಅಂದುಬಿಟ್ಟ. ಕಿಮ್ ಮತ್ತು ಲವರಿಂಗ್‌ಗೆ ಸುದ್ದಿ ಹೋದದ್ದು ಫ್ಯಾಕ್ಸ್‌ನಲ್ಲಿ. 2004ರಲ್ಲಿ ಮತ್ತೆ ಸೇರಿದರು, 2013ರಲ್ಲಿ ಕಿಮ್ ಬಿಟ್ಟಳು. 2014ರ 'ಇಂಡಿ ಸಿಂಡಿ'ಯಿಂದ ಈಚೆಗೆ ಬಂದ ಆಲ್ಬಮ್‌ಗಳು ಈ ವಾದದೊಳಗೆ ಬರುವುದಿಲ್ಲ ಅನ್ನುವುದರಲ್ಲಿ ಮಾತ್ರ ನಮ್ಮ ಎರಡೂ ಬಣಕ್ಕೆ ಒಮ್ಮತ.

ಹೊಸಬರು ಎಲ್ಲಿಂದ ಶುರು ಮಾಡಬೇಕು? ಮೊದಲು ಡೂಲಿಟಲ್. ಇದನ್ನ ನಾನೇ ಹೇಳುತ್ತಿದ್ದೇನೆ, ಬಣ ಬಿಟ್ಟು. ಹಾಡು ಬೇಗ ಹತ್ತುತ್ತದೆ. ಒಂದು ವಾರ ಬಿಟ್ಟು ಸರ್ಫರ್ ರೋಸಾ. ಹಾಡು ಹಿಂದೆಮುಂದೆ ಮಾಡದೆ ಕ್ರಮವಾಗಿ ಕೇಳಿ. ಬರೀ 33 ನಿಮಿಷ, ಕಾರವಾರದಲ್ಲಿ ಹಾಕಿದರೆ ಅಂಕೋಲಾ ಬರುವುದರೊಳಗೆ ಮುಗಿಯುತ್ತದೆ. ಸಾಧ್ಯವಾದರೆ ಮೊದಲ ಸಲ ಸ್ಪೀಕರ್‌ನಲ್ಲಿ ಹಾಕಿ, ಸ್ವಲ್ಪ ದೂರ ಕೂತು ಕೇಳಿ. ಆ ಡ್ರಮ್ಸ್‌ಗೆ ಗಾಳಿ ಬೇಕು.