ಗೈಡ್ ಇಲ್ಲದೆ ಗಣಿ ನೋಡಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಗನ ಮನೆಗೋ ಮಗಳ ಮನೆಗೋ ಅಂತ ಬ್ರಿಟನ್ನಿಗೆ ಹೋಗಿಬರುವವರು ಈಗ ಜಾಸ್ತಿ. ಹೋದವರು ಲಂಡನ್ ನೋಡುತ್ತಾರೆ, ಸೇತುವೆ ನೋಡುತ್ತಾರೆ, ಅರಮನೆಯ ಗೇಟಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಸಂತೋಷ. ನಾನು ಹೇಳಹೊರಟಿರುವುದು ಅಲ್ಲಿಂದ ಪಶ್ಚಿಮಕ್ಕೆ, ಕಾರಿನಲ್ಲಿ ಸುಮಾರು ಮೂರು ಗಂಟೆ ದೂರದ ಒಂದು ಊರಿನ ಮಾತು. ದಕ್ಷಿಣ ವೇಲ್ಸ್‌ನ ಬ್ಲೈನಾವನ್. ಕಬ್ಬಿಣ ಮತ್ತು ಕಲ್ಲಿದ್ದಲು ಕಟ್ಟಿದ ಊರು ಅದು. ಈಗ ಕುಲುಮೆಯೂ ಉರಿಯುವುದಿಲ್ಲ, ಕಲ್ಲಿದ್ದಲನ್ನೂ ತೆಗೆಯುವುದಿಲ್ಲ. ಆದರೆ ಯುನೆಸ್ಕೊ 2000ದಲ್ಲಿ ಅಲ್ಲಿನ ಬೆಟ್ಟ, ಗಣಿ, ಕುಲುಮೆ ಎಲ್ಲವನ್ನೂ ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸಮಯ ಸಾಲದೆ ಹೋದೀತು. ಅಲ್ಲಿಗೆ ಹೋದರೆ ಗೈಡ್ ಜೊತೆಯಲ್ಲೇ ನಡೆಯಿರಿ. ಅದೂ ಗಣಿಯಲ್ಲಿ ಕೈ ಕಪ್ಪು ಮಾಡಿಕೊಂಡವರು ಸಿಕ್ಕರೆ ಅವರನ್ನೇ ಹಿಡಿದುಕೊಳ್ಳಿ.

ಯಾಕೆ ಅಂತೀರಾ? ಕೋಟೆಯನ್ನು ನೋಡಿದರೆ ಕೋಟೆ ಕಾಣುತ್ತದೆ. ಗುಡಿಯನ್ನು ನೋಡಿದರೆ ಗುಡಿ ಕಾಣುತ್ತದೆ. ಗಣಿ ಹಾಗಲ್ಲ. ನೋಡಬೇಕಾದದ್ದೆಲ್ಲ ನೆಲದ ಕೆಳಗಿದೆ. ಮೇಲೆ ಉಳಿದಿರುವುದು ಒಂದು ಹಳ್ಳ, ಒಂದು ದಿಬ್ಬ, ನಾಲ್ಕು ಕಲ್ಲು. ಬ್ಲೈನಾವನ್ ಬೆಟ್ಟದ ಮೇಲೆ ನಡೆಯುವಾಗ ಒಂದು ಕೊರಕಲು ಸಿಗುತ್ತದೆ. ಮಳೆನೀರು ಕೊರೆದದ್ದು ಅಂದುಕೊಂಡು ನೀವು ದಾಟಿಬಿಡುತ್ತೀರಿ. ಅದು ಮನುಷ್ಯರು ಮಾಡಿದ್ದು. ಮೇಲೆ ಒಡ್ಡು ಕಟ್ಟಿ ನೀರು ನಿಲ್ಲಿಸಿ, ಒಮ್ಮೆಗೇ ಒಡೆದು ಬಿಡುತ್ತಿದ್ದರು. ಮೇಲ್ಮಣ್ಣು ಕೊಚ್ಚಿಹೋಗಿ ಕೆಳಗಿನ ಕಬ್ಬಿಣದ ಅದಿರು ಬಯಲಾಗುತ್ತಿತ್ತು. ಮುಂದೆ ಹೋದರೆ ಹುಲ್ಲಿನ ನಡುವೆ ತೂತು ಕೊರೆದ ಕಲ್ಲುಗಳು. ಕುದುರೆ ಎಳೆಯುತ್ತಿದ್ದ ಗಾಡಿಗಳ ಕಂಬಿಯನ್ನು ಆ ಕಲ್ಲಿಗೇ ಕೂರಿಸುತ್ತಿದ್ದರು. ಆ ಹಸಿರು ಗುಡ್ಡ ಇದೆಯಲ್ಲ, ಅದು ಗುಡ್ಡವೇ ಅಲ್ಲ. ಗಣಿಯಿಂದ ತೆಗೆದು ಸುರಿದ ಕಸದ ರಾಶಿ, ಮೇಲೆ ಹುಲ್ಲು ಬೆಳೆದಿದೆ. ಯಾರಾದರೂ ಬೆರಳಿಟ್ಟು ತೋರಿಸದಿದ್ದರೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಆದರೂ ಜನ ಬರುತ್ತಾರೆ, ಗಣಿಯ ಬಾಯಿಯ ಮೇಲಿನ ದೊಡ್ಡ ಚಕ್ರದ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ, ಕಾರು ಹತ್ತುತ್ತಾರೆ. ನನಗೆ ಸಿಟ್ಟು ಬರುತ್ತದೆ. ಕ್ಷಮಿಸಿ, ಬರುತ್ತದೆ.

ಆ ಚಕ್ರ ಇರುವ ಗಣಿಯ ಹೆಸರು ಬಿಗ್ ಪಿಟ್. ದೊಡ್ಡ ಗುಂಡಿ ಅಂತಲೇ ಅರ್ಥ. ಒಂದು ಕಾಲಕ್ಕೆ ಸಾವಿರಕ್ಕೂ ಹೆಚ್ಚು ಜನ ದುಡಿದ ಜಾಗ. 1980ರಲ್ಲಿ ಮುಚ್ಚಿತು. 1983ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅಲ್ಲಿ ನಿಮ್ಮನ್ನು ನಿಜವಾಗಿ ಕೆಳಗೆ ಕರೆದೊಯ್ಯುತ್ತಾರೆ, 90 ಮೀಟರ್ ಆಳಕ್ಕೆ.

ಕೆಲವು ವರ್ಷದ ಹಿಂದೆ ಮಗಳು, ಅಳಿಯ, ಏಳು ವರ್ಷದ ಮೊಮ್ಮಗಳ ಜೊತೆ ನಾನು ಹೋಗಿದ್ದೆ. ನಾನು ಗಣಿ ಎಂಜಿನಿಯರಿಂಗ್ ಪಾಠ ಹೇಳಿದವನು. ಗಣಿಯೊಳಗೆ ಗಾಳಿ ಹೇಗೆ ಹರಿಯಬೇಕು ಅಂತ ಬೋರ್ಡಿನ ಮೇಲೆ ಬಾಣ ಬರೆದೂ ಬರೆದೂ ಎಷ್ಟು ಸೀಮೆಸುಣ್ಣ ಸವೆಸಿದ್ದೇನೋ ಲೆಕ್ಕವಿಲ್ಲ. ನನಗೆ ಇವರೇನು ಹೇಳಿಕೊಡುತ್ತಾರೆ ಅಂದುಕೊಂಡೇ ಹೋದೆ.

ಗೈಡ್ ಹಳೆಯ ಗಣಿ ಕಾರ್ಮಿಕ. ಕುಳ್ಳಗೆ, ದಪ್ಪ ಕೈ. ಮೊದಲು ಎಲ್ಲರಿಂದಲೂ ಮೊಬೈಲು, ವಾಚು, ಲೈಟರು, ಕಾರಿನ ರಿಮೋಟ್ ಕೀ ಇಸಿದುಕೊಂಡರು. ಕಲ್ಲಿದ್ದಲಿನ ಪದರದಿಂದ ಮೀಥೇನ್ ಅನಿಲ ಸೋರುತ್ತದೆ. ಒಂದು ಕಿಡಿ ಸಾಕು. ಕಲ್ಲಿದ್ದಲು ತೆಗೆಯುವುದು ನಿಂತು ಎಷ್ಟೋ ವರ್ಷವಾದರೂ ಅಲ್ಲಿ ಗಣಿಯ ನಿಯಮವೇ ನಡೆಯುತ್ತದೆ. ನನ್ನ ಅಳಿಯನಿಗೆ ಹೊಸ ಸ್ಮಾರ್ಟ್ ವಾಚು. ಇದರಲ್ಲಿ ಕಿಡಿ ಬರಲ್ಲ, ಅಂತ ವಾದಕ್ಕೆ ನಿಂತ. ಗೈಡ್ ವಾದ ಮಾಡಲಿಲ್ಲ. ಕೈ ಚಾಚಿಕೊಂಡು ಸುಮ್ನೆ ನಿಂತರು. ಹಿಂದಿದ್ದವರೆಲ್ಲ ಕಾಯುತ್ತಿದ್ದಾರೆ. ಕೊನೆಗೆ ವಾಚು ಅವರ ಅಂಗೈಗೆ ಬಂತು.

ಆಮೇಲೆ ನಮಗೆ ಹೆಲ್ಮೆಟ್, ದೀಪ, ಸೊಂಟಕ್ಕೆ ಬೆಲ್ಟು, ಅದಕ್ಕೆ ಬ್ಯಾಟರಿ, ವಿಷಗಾಳಿ ಬಂದರೆ ಉಸಿರಾಡಲು ಒಂದು ಡಬ್ಬಿ. ಎಲ್ಲ ಸೇರಿ ಐದು ಕಿಲೋ. ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಇಳಿದೆವು. ಕೆಳಗೆ ತಣ್ಣಗೆ, ಒದ್ದೆ. ತಲೆ ಬಗ್ಗಿಸಿ ನಡೆಯಬೇಕು. ಸ್ವಲ್ಪ ದೂರ ಹೋದ ಮೇಲೆ ಒಂದು ಮರದ ಬಾಗಿಲು ಬಂತು. ಗೈಡ್ ನಿಂತರು. ನನ್ನ ಮೊಮ್ಮಗಳನ್ನು ಹತ್ತಿರ ಕರೆದು, ಬಾಗಿಲಿಗೆ ಕಟ್ಟಿದ್ದ ಹಗ್ಗವನ್ನು ಅವಳ ಕೈಗೆ ಕೊಟ್ಟರು. ಗಾಡಿ ಬಂದಾಗ ಎಳೆದು ತೆಗೆಯಬೇಕು, ಹೋದ ಮೇಲೆ ಮುಚ್ಚಬೇಕು, ಇಷ್ಟೇ ಕೆಲಸ ಅಂದರು. ಅವಳಿಗೆ ಖುಷಿ. ಎರಡು ಸಲ ಎಳೆದಳು.

ಈಗ ಎಲ್ಲರೂ ದೀಪ ಆರಿಸಿ, ಅಂದರು.

ಆರಿಸಿದೆವು. ಕತ್ತಲೆ ಅಂದರೆ ಏನು ಅಂತ ನಮಗೆ ಗೊತ್ತಿಲ್ಲ ಕೇಳುಗರೇ. ಅಮಾವಾಸ್ಯೆಯಲ್ಲೂ ಒಂದು ನಕ್ಷತ್ರ ಇರುತ್ತದೆ. ಇಲ್ಲಿ ಕೈಯನ್ನು ಮೂಗಿಗೆ ತಾಗಿಸಿದರೂ ಕಾಣುವುದಿಲ್ಲ. ಕಣ್ಣು ಎಷ್ಟು ಹೊತ್ತಾದರೂ ಹೊಂದಿಕೊಳ್ಳುವುದಿಲ್ಲ. ಆ ಕತ್ತಲಲ್ಲಿ ಅವರ ದನಿ. ಹಿಂದೆ ಇಂಥ ಬಾಗಿಲ ಬಳಿ ನಿನ್ನಷ್ಟೇ ವಯಸ್ಸಿನ ಮಕ್ಕಳು ಕೂರುತ್ತಿದ್ದರು, ದಿನಕ್ಕೆ ಹನ್ನೆರಡು ಗಂಟೆ. ಮೇಣದಬತ್ತಿ ಸುಟ್ಟುಹೋದರೆ ಮಿಕ್ಕ ಹೊತ್ತೆಲ್ಲ ಹೀಗೇ. ಬಾಗಿಲು ತೆರೆದೇ ಬಿಟ್ಟರೆ ಗಾಳಿ ಹತ್ತಿರದ ದಾರಿ ಹಿಡಿದು ಹೊರಟುಹೋಗುತ್ತದೆ, ಒಳಗೆ ದೂರದಲ್ಲಿ ಅಗೆಯುತ್ತಿರುವವರಿಗೆ ತಲುಪುವುದಿಲ್ಲ. ಅಲ್ಲಿ ಅನಿಲ ತುಂಬುತ್ತದೆ. ಅಷ್ಟೂ ಜನರ ಪ್ರಾಣ ನಿದ್ದೆ ತೂಗುವ ಒಂದು ಮಗುವಿನ ಕೈಯಲ್ಲಿ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ತಾತಾ, ಇದೀಯಾ?"

ನಾನು ಇಷ್ಟು ವರ್ಷ ಬೋರ್ಡಿನ ಮೇಲೆ ಬಾಣ ಬರೆದೆನಲ್ಲ, ಆ ಬಾಣದ ಪಕ್ಕ ಒಂದು ಮಗುವನ್ನು ಕೂರಿಸಿ ಒಮ್ಮೆಯೂ ನೋಡಿರಲಿಲ್ಲ. 1842ರ ಕಾನೂನು ಬಂದ ಮೇಲೆ ಹತ್ತು ವರ್ಷದೊಳಗಿನ ಹುಡುಗರನ್ನೂ, ಹೆಂಗಸರು, ಹೆಣ್ಣುಮಕ್ಕಳನ್ನೂ ನೆಲದ ಕೆಳಗೆ ದುಡಿಸುವುದನ್ನು ನಿಲ್ಲಿಸಿದರು ಅಂತ ನನಗೆ ಗೊತ್ತಿತ್ತು. ಇಸವಿ ಗೊತ್ತಿತ್ತು, ಅಷ್ಟೆ.

ಆ ಕತ್ತಲೆಯನ್ನು ಬೋರ್ಡು ಬರೆದು ತಗಲಿಹಾಕಲು ಆಗುತ್ತದಾ? ಆಗುವುದಿಲ್ಲ. ಅದಕ್ಕೇ ಗೈಡ್ ಬೇಕು ಅನ್ನುವುದು.

ಸ್ಟುಡಿಯೋದವರು ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡೇ ನಿಮಿಷ. ಇನ್ನೂ ನಾಲ್ಕು ಊರು ಬಾಕಿ ಇತ್ತು. ಬೇಗ ಹೇಳುತ್ತೇನೆ.

ಹತ್ತಿರದಲ್ಲೇ ಟ್ರೆಡೀಗರ್. ಅಲ್ಲಿನ ಗಣಿ ಕಾರ್ಮಿಕರು ಕೂಲಿಯಲ್ಲಿ ಒಂದಿಷ್ಟು ಹಾಕಿ ವೈದ್ಯಕೀಯ ಸಂಘ ನಡೆಸುತ್ತಿದ್ದರು. ಆ ಊರಿನಲ್ಲೇ ಹುಟ್ಟಿ ಹುಡುಗನಾಗಿದ್ದಾಗಲೇ ಗಣಿಗೆ ಇಳಿದ ಅನೈರಿನ್ ಬೆವನ್ ಮುಂದೆ ಆರೋಗ್ಯ ಸಚಿವರಾದರು. ಆ ಸಂಘದ ಮಾದರಿಯಲ್ಲೇ 1948ರಲ್ಲಿ ಇಡೀ ಬ್ರಿಟನ್ನಿಗೆ ಉಚಿತ ಆರೋಗ್ಯ ಸೇವೆ ಬಂತು. ದಕ್ಷಿಣ ವೇಲ್ಸ್‌ನದೇ ಇನ್ನೊಂದು ಗಣಿ ಊರು ಆಬರ್‌ಫ್ಯಾನ್. ಅಲ್ಲಿಗೆ ಹೋದರೆ ಮೆತ್ತಗೆ ನಡೆಯಿರಿ, ಫೋಟೊ ಬೇಡ. 1966ರ ಅಕ್ಟೋಬರ್ 21ರ ಬೆಳಿಗ್ಗೆ ಗಣಿಯ ಕಸದ ರಾಶಿ ಬೆಟ್ಟದಿಂದ ಜಾರಿ ಶಾಲೆಯ ಮೇಲೆ ಬಂತು. ಸತ್ತವರು 144 ಜನ, ಅದರಲ್ಲಿ 116 ಮಕ್ಕಳು. ನೀರಿನ ಒರತೆಯ ಮೇಲೆ ಆ ರಾಶಿ ಹಾಕಿದ್ದರು, ಅದಕ್ಕೇ ಜಾರಿತು. ಜರ್ಮನಿಯ ತ್ಸೋಲ್‌ಫೆರೈನ್ ಕಲ್ಲಿದ್ದಲು ಗಣಿ, ಉತ್ತರ ಫ್ರಾನ್ಸಿನ ಗಣಿ ಸೀಮೆ, ಇವೆಲ್ಲ ಇನ್ನೊಂದು ದಿನಕ್ಕೆ ಇರಲಿ.

ಆತುರ ಯಾಕೆ ಅಂದರೆ, ಬ್ರಿಟನ್ನಿನ ಕೊನೆಯ ಆಳದ ಕಲ್ಲಿದ್ದಲು ಗಣಿ 2015ರ ಡಿಸೆಂಬರಿನಲ್ಲಿ ಮುಚ್ಚಿಯಾಯಿತು. ಅಂಥ ಆಳದ ಗಣಿಯಲ್ಲಿ ದುಡಿದ ಹೊಸಬರು ಇನ್ನು ಹುಟ್ಟುವುದಿಲ್ಲ. ಇರುವವರಿಗೆ ವಯಸ್ಸಾಗುತ್ತಿದೆ. ಈಗಲೇ ಹೋಗಿ, ಅವರ ಜೊತೆ ನಡೆಯಿರಿ.

ಗಟ್ಟಿ ಶೂ ಹಾಕಿಕೊಳ್ಳಿ, ಬೇಸಿಗೆಯಾದರೂ ಸ್ವೆಟರ್ ಇರಲಿ. ಒಂದು ಮೀಟರ್ ಎತ್ತರ ಇಲ್ಲದ ಮಕ್ಕಳನ್ನು ಕೆಳಗೆ ಬಿಡುವುದಿಲ್ಲ, ಮನೆಯಲ್ಲೇ ಅಳತೆ ನೋಡಿಕೊಂಡು ಹೊರಡಿ. ವಾಚು ಕೇಳಿದರೆ ಬಿಚ್ಚಿ ಕೊಟ್ಟುಬಿಡಿ.

ನಮಸ್ಕಾರ.